ಸೌದೆ ಕೊಯ್ಯುವವರಿಗೆ ಚೈನ್ ಸಾ ಚೈನಿನ ಸಮಗ್ರ ಮಾರ್ಗದರ್ಶಿ: ಆಯ್ಕೆ, ಅರ, ಎಣ್ಣೆ

ಚೈನ್ ಸಾ ಸರಿಯಾಗಿ ಕೊಯ್ಯುತ್ತಿಲ್ಲ ಎಂದಾಗ ನಮ್ಮ ಮಲೆನಾಡಿನ ಕಡೆ ಮೊದಲು ಬೈಸಿಕೊಳ್ಳುವುದು ಎಂಜಿನ್. ಕಾರ್ಬ್ಯುರೇಟರ್ ತೊಳೆಸುತ್ತಾರೆ, ಪ್ಲಗ್ ಬದಲಾಯಿಸುತ್ತಾರೆ, ಕಡೆಗೆ ಹೆಚ್ಚು ಸಿಸಿಯ ಮಷಿನ್ ತರೋಣ ಎನ್ನುತ್ತಾರೆ. ಮರವನ್ನು ಕೊಯ್ಯುವ ಹಲ್ಲಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಹರಿತವಾದ ಚೈನ್ ಹಾಕಿದ 35 ಸಿಸಿಯ ಸಣ್ಣ ಮಷಿನ್ ಮುಂದೆ ಬಾಯಿ ಹೋದ ಚೈನ್ ಹಾಕಿದ 58 ಸಿಸಿಯ ಮಷಿನ್ ನಿಲ್ಲಲಾರದು. ಪೆಟ್ರೋಲ್ ವ್ಯರ್ಥವಾಗುವುದು, ಸೊಂಟ ನೋಯುವುದು, ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿಯಾದ ಬಾರ್ ಸುಟ್ಟು ನೀಲಿಯಾಗುವುದು, ಇವೆಲ್ಲದರ ಮೂಲ ಬಹುಮಟ್ಟಿಗೆ ಮೊಂಡು ಚೈನ್.

ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವ ಒಲೆಗೆ, ಮಳೆಗಾಲದ ದಾಸ್ತಾನಿಗೆ ತಾವೇ ಸೌದೆ ಮಾಡಿಕೊಳ್ಳುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಾಳಿಗೆ ಬಿದ್ದ ಅಕೇಶಿಯಾ, ಮರಗಸಿಯಲ್ಲಿ ಇಳಿಸಿದ ಸಿಲ್ವರ್ ಓಕ್ ಕೊಂಬೆ, ನಿಂತಲ್ಲೇ ಒಣಗಿದ ಹಲಸು, ಬೇಲಿಯ ಸಾಲಿನ ಹಳೆಯ ಮರಗಳು, ನಮ್ಮ ಸೌದೆ ಇಂಥದ್ದು. ನಾಟಾ ಕೊಯ್ಯುವವರ ಲೆಕ್ಕಾಚಾರವೇ ಬೇರೆ, ಅದು ಇಲ್ಲಿಲ್ಲ.

ಚೈನಿನ ಸ್ಥಿತಿಯನ್ನು ಅದು ಉದುರಿಸುವ ಹೊಟ್ಟೇ ಹೇಳುತ್ತದೆ. ಎರಡು ತುಂಡು ಕೊಯ್ದು, ಮಷಿನ್ ನಿಲ್ಲಿಸಿ, ಕೆಳಗೆ ಬಿದ್ದುದನ್ನು ಅಂಗೈಯಲ್ಲಿ ಹಿಡಿದು ನೋಡಿ. ಹಸಿ ಮರದಿಂದ ಚೌಕನೆಯ ಸಣ್ಣ ಚಕ್ಕೆಗಳು ಬೀಳುತ್ತಿದ್ದರೆ ಚೈನ್ ಚೆನ್ನಾಗಿದೆ. ಬೆರಳ ಸಂದಿನಲ್ಲಿ ಜಾರುವ ನುಣುಪು ಪುಡಿ ಬೀಳುತ್ತಿದ್ದರೆ ಹಲ್ಲು ಮರವನ್ನು ಕಡಿಯುತ್ತಿಲ್ಲ, ಉಜ್ಜುತ್ತಿದೆ. ಚೆನ್ನಾಗಿ ಒಣಗಿದ ಮರದಲ್ಲಿ ಹರಿತ ಚೈನಿನ ಚಕ್ಕೆಯೂ ಕೊಂಚ ಸಣ್ಣದಾಗಿಯೇ ಇರುತ್ತದೆ, ಆದರೆ ಹಿಟ್ಟಿನಂತಾಗುವುದಿಲ್ಲ. ಮಷಿನ್ನನ್ನು ಒತ್ತಿ ಹಿಡಿಯಬೇಕಾಗಿ ಬಂದರೆ, ಕೊಯ್ತ ಒಂದು ಪಕ್ಕಕ್ಕೆ ಬಾಗುತ್ತಿದ್ದರೆ, ಎಣ್ಣೆ ಇದ್ದೂ ಹೊಗೆ ಬರುತ್ತಿದ್ದರೆ, ಇನ್ನೊಂದು ತುಂಡನ್ನೂ ಕೊಯ್ಯದೆ ಅರ ಕೈಗೆತ್ತಿಕೊಳ್ಳಿ.

ಚೈನ್ ಕೊಳ್ಳುವ ಮೊದಲು

ಅಂಗಡಿಯಲ್ಲಿ "18 ಇಂಚಿನ ಚೈನ್ ಕೊಡಿ" ಎಂದರೆ ಸಾಲದು. ಬೇಕಾಗುವುದು ಮೂರು ಸಂಖ್ಯೆ: ಪಿಚ್, ಗೇಜ್ ಮತ್ತು ಡ್ರೈವ್ ಲಿಂಕ್‌ಗಳ ಲೆಕ್ಕ. ಬಹಳಷ್ಟು ಬಾರ್‌ಗಳಲ್ಲಿ ಎಂಜಿನ್ ಕಡೆಯ ತುದಿಯಲ್ಲಿ ಈ ಮೂರನ್ನೂ ಒತ್ತಿರುತ್ತಾರೆ. ಎಣ್ಣೆ ಮೆತ್ತಿದ ಹೊಟ್ಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಕಾಣುತ್ತದೆ.

ಪಿಚ್ ಎಂದರೆ ಚೈನಿನ ಕೊಂಡಿಗಳ ಅಂತರ. ಅಕ್ಷರ ಅಳಿಸಿಹೋಗಿದ್ದರೆ ನೀವೇ ಅಳೆಯಬಹುದು. ಸಾಲಾಗಿ ಮೂರು ರಿವಿಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು, ಅರ್ಧ ಮಾಡಿ. ಮೂರು ರಿವಿಟ್‌ಗೆ ಸುಮಾರು 19 ಮಿ.ಮೀ. ಬಂದರೆ 3/8 ಇಂಚು, ಸುಮಾರು 16.5 ಮಿ.ಮೀ. ಬಂದರೆ .325 ಇಂಚು. ಮನೆಬಳಕೆಯ ಮಷಿನ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇವೆರಡೇ. ಆದರೆ 3/8ರಲ್ಲಿ ಎರಡು ಜಾತಿ ಇದೆ: ದೊಡ್ಡ ಮಷಿನ್‌ಗಳ ಪೂರ್ಣ 3/8 ಮತ್ತು ಸಣ್ಣ ಪೆಟ್ರೋಲ್, ವಿದ್ಯುತ್, ಬ್ಯಾಟರಿ ಮಷಿನ್‌ಗಳ ಲೋ ಪ್ರೊಫೈಲ್ 3/8. ಅಳತೆಗೆ ಎರಡೂ ಒಂದೇ, ಹಲ್ಲಿನ ಎತ್ತರ ಬೇರೆ. ಒಂದಕ್ಕೆಂದು ಮಾಡಿದ ಸ್ಪ್ರಾಕೆಟ್ (ಚೈನನ್ನು ಓಡಿಸುವ ಹಲ್ಲಿನ ಚಕ್ರ) ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಅಂಗಡಿಯವರೊಂದಿಗೆ ಮಾತಾಡುವಾಗ ಇದನ್ನು ಬಿಡಿಸಿ ಹೇಳಿ.

ಗೇಜ್ ಎಂದರೆ ಬಾರ್‌ನ ಅಂಚಿನ ಸೀಳಿನೊಳಗೆ ಓಡುವ ಡ್ರೈವ್ ಲಿಂಕಿನ ದಪ್ಪ. ಸಣ್ಣ ಮಷಿನ್‌ಗಳಲ್ಲಿ 1.1 ಅಥವಾ 1.3 ಮಿ.ಮೀ., ದೊಡ್ಡವುಗಳಲ್ಲಿ 1.3, 1.5 ಅಥವಾ 1.6 ಮಿ.ಮೀ. ಇದನ್ನು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ದಪ್ಪ ಚೈನ್ ಸೀಳಿನೊಳಗೆ ಇಳಿಯುವುದೇ ಇಲ್ಲ, ಹಾಗಾಗಿ ಆ ತಪ್ಪು ಅಲ್ಲೇ ತಿಳಿಯುತ್ತದೆ. ತೆಳು ಚೈನ್ ಮಾತ್ರ ಸಲೀಸಾಗಿ ಕೂತು, ಓಡುವಾಗ ಅತ್ತಿತ್ತ ವಾಲಿ, ಕೊಯ್ತವನ್ನು ವಕ್ರ ಮಾಡುತ್ತದೆ. ಡ್ರೈವ್ ಲಿಂಕಿನ ಮೇಲೆಯೇ ಗುರುತು ಇರುತ್ತದೆ. ಸ್ಟಿಲ್ ಕಂಪನಿಯ ಚೈನಿನಲ್ಲಿ 3 ಎಂದರೆ 1.3 ಮಿ.ಮೀ., 6 ಎಂದರೆ 1.6. ಒರೆಗಾನ್ ಕಂಪನಿಯ ಚೈನಿನಲ್ಲಿ 91 ಎಂದಿದ್ದರೆ 1.3 ಮಿ.ಮೀ.ನ ಲೋ ಪ್ರೊಫೈಲ್ 3/8. 21 ಎಂದಿದ್ದರೆ 1.5 ಮಿ.ಮೀ.ನ .325.

ಡ್ರೈವ್ ಲಿಂಕ್‌ಗಳನ್ನು ಎಣಿಸಿಯೇ ಬರೆದುಕೊಳ್ಳಿ. ಒಂದಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಸುತ್ತಿ ಬನ್ನಿ. ನಮ್ಮ ಪೇಟೆಗಳಲ್ಲಿ ತುಂಬಾ ಮಾರಾಟವಾಗುವ 58 ಸಿಸಿ ಮಷಿನ್‌ಗಳಿಗೆ ಸಾಮಾನ್ಯವಾಗಿ .325 ಪಿಚ್, 1.5 ಮಿ.ಮೀ. ಗೇಜ್ ಇದ್ದು, 18 ಇಂಚಿನ ಬಾರ್‌ಗೆ 72, 22 ಇಂಚಿನದಕ್ಕೆ 86 ಡ್ರೈವ್ ಲಿಂಕ್ ಬರುತ್ತದೆ. ಆದರೂ ನಿಮ್ಮ ಬಾರ್ ಏನು ಹೇಳುತ್ತದೋ ಅದೇ ಅಂತಿಮ. ಸೌದೆಗೆ 22 ಇಂಚಿನ ಬಾರ್ ಅಗತ್ಯವೂ ಇಲ್ಲ. 16 ಅಥವಾ 18 ಇಂಚು ಧಾರಾಳವಾಯಿತು. ಬಾರ್ ಉದ್ದವಾದಷ್ಟೂ ಅರ ಹಾಕಬೇಕಾದ ಹಲ್ಲು ಹೆಚ್ಚು, ತುದಿ ಕಾಣದೆ ನೆಲಕ್ಕೆ ತಗಲುವುದೂ ಹೆಚ್ಚು.

ಇನ್ನು ಹಲ್ಲಿನ ಆಕಾರ. ಈಗಿನ ಚೈನಿನ ಹಲ್ಲಿನ ಹಿಂದೆ ಒಂದು ಹುಳುವಿದೆ. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವರು ಮರ ಕೊರೆಯುವ ದುಂಬಿಯ ಮರಿಹುಳುವನ್ನು ಗಮನಿಸಿದರು. ಅದು ತನ್ನ ಬಾಗಿದ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಡಿಯುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಸಮನಾಗಿ ಸಾಗುತ್ತಿತ್ತು. ಅದೇ ಆಕಾರವನ್ನು ಅವರು ಉಕ್ಕಿಗೆ ತಂದರು; ಮರುವರ್ಷವೇ ಚೈನ್ ಮಾರಾಟಕ್ಕೆ ಬಂದಿತು. ಅದಕ್ಕೂ ಮೊದಲಿನ ಚೈನ್‌ಗಳು ಕೈಗರಗಸದ ಹಲ್ಲಿನಂತೆ ಗೀರುತ್ತ ಹೋಗುತ್ತಿದ್ದವು. ಇಂದಿಗೂ ಎಡ ಹಲ್ಲು, ಬಲ ಹಲ್ಲು ಒಂದಾದ ಮೇಲೊಂದು ಬರುವುದು ಈ ಕಾರಣಕ್ಕೇ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತದೆ. ಫುಲ್ ಚಿಸೆಲ್ ಹಲ್ಲಿನ ಮೂಲೆ ಚೌಕವಾಗಿ, ಚೂಪಾಗಿರುತ್ತದೆ. ಸ್ವಚ್ಛವಾದ ಹಸಿ ಮರದಲ್ಲಿ ಅದರ ವೇಗ ಕಂಡರೆ ಬಿಡಲು ಮನಸ್ಸಾಗುವುದಿಲ್ಲ, ಆದರೆ ಒಂದು ಚಿಟಿಕೆ ಮಣ್ಣು ತಾಗಿದರೆ ಆ ಮೂಲೆ ಹೋಯಿತು. ಸೆಮಿ ಚಿಸೆಲ್ ಹಲ್ಲಿನ ಮೂಲೆ ದುಂಡಗಿರುತ್ತದೆ. ವೇಗ ಸ್ವಲ್ಪ ಕಡಿಮೆ, ಹರಿತ ಉಳಿಯುವುದು ಹೆಚ್ಚು ಹೊತ್ತು. ಮನೆಸೌದೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ನಮ್ಮ ಸೌದೆ ತಿಂಗಳುಗಟ್ಟಲೆ ಕೆಂಪು ಮಣ್ಣಿನ ಮೇಲೆ ಬಿದ್ದಿರುತ್ತದೆ, ತೊಗಟೆಯ ಒಳಗೆ ಗೆದ್ದಲು ಮಣ್ಣನ್ನು ತುಂಬಿಟ್ಟಿರುತ್ತದೆ. ಮೇಲಿಂದ ಒರೆಸಿದರೂ ಆ ಮಣ್ಣು ಹೋಗುವುದಿಲ್ಲ. ಅಂಥ ಕಡೆ ಚೂಪು ಮೂಲೆಯ ಹಲ್ಲು ಹಾಕುವುದು ಚೈನಿಗೂ ಕಷ್ಟ, ಅರ ಹಾಕುವ ಕೈಗೂ ಕಷ್ಟ. ಕಿಕ್‌ಬ್ಯಾಕ್ (ಬಾರ್‌ನ ತುದಿ ತಗಲಿ ಮಷಿನ್ ಹಿಂದಕ್ಕೆ ಎಗರುವುದು) ಕಡಿಮೆ ಮಾಡುವ ಕೊಂಡಿಗಳಿರುವ ಚೈನ್ ಸಿಕ್ಕರೆ ಹೊಸಬರು ಅದನ್ನೇ ಆರಿಸಬೇಕು. ಹಲಗೆ ಸೀಳಲು ಬಳಸುವ ರಿಪ್ಪಿಂಗ್ ಚೈನ್ ಸೌದೆಗೆ ಬೇಡ. ಅದರ ಹಲ್ಲಿನ ಕೋನ ಸುಮಾರು 10 ಡಿಗ್ರಿ, ಅಡ್ಡ ಕೊಯ್ತಕ್ಕೆ ಅದು ಹೇಳಿದ್ದಲ್ಲ.

ಕೊಳ್ಳುವಾಗ ಎರಡು ಚೈನ್ ಒಟ್ಟಿಗೆ ಕೊಳ್ಳಿ. ಅವನ್ನು ಸರದಿಯಲ್ಲಿ ಬಳಸಿ. ಸ್ಪ್ರಾಕೆಟ್ ಚೈನಿನ ಜೊತೆಯಲ್ಲೇ ಸವೆಯುತ್ತದೆ. ಪೂರ್ತಿ ಸವೆದ ಹಳೆಯ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಅದು ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ. ಎರಡು ಚೈನ್ ಮುಗಿಯುವಾಗ ಸ್ಪ್ರಾಕೆಟ್ ಬದಲಾಯಿಸುವುದು ಒಳ್ಳೆಯ ಲೆಕ್ಕ. ಸ್ಪ್ರಾಕೆಟ್‌ನ ಸವೆತದ ಗುಳಿ ಅರ್ಧ ಮಿ.ಮೀ. ದಾಟಿದ್ದರೆ ಕಾಯಲೇಬೇಡಿ. ಹೆಸರು ದಿಕ್ಕಿಲ್ಲದ ಅಗ್ಗದ ಚೈನ್ ಬೇಗ ಉದ್ದವಾಗಿ ಜೋಲುತ್ತದೆ, ಅರ ಹಾಕಿದ ಬಾಯಿ ಎರಡು ದಿಮ್ಮಿಗೂ ನಿಲ್ಲುವುದಿಲ್ಲ. ದುಡ್ಡು ಉಳಿಸುವ ಜಾಗ ಇದಲ್ಲ.

ಹಾಕುವುದು, ಬಿಗಿ ಮಾಡುವುದು

ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ಟೋಪಿ ಕಿತ್ತಿಡಿ. ಬ್ಯಾಟರಿ ಮಷಿನ್ ಆದರೆ ಬ್ಯಾಟರಿ ತೆಗೆಯಿರಿ, ವಿದ್ಯುತ್ತಿನದಾದರೆ ಪ್ಲಗ್ ಕೀಳಿ. ಚರ್ಮದ ಕೈಗವಸು ಹಾಕಿಕೊಳ್ಳಿ. ನಿಂತ ಚೈನ್ ಕೂಡ ಕೈ ಕೊಯ್ಯುತ್ತದೆ. ಬಾರ್‌ನ ಮೇಲಂಚಿನಲ್ಲಿ ಹಲ್ಲಿನ ಬಾಯಿ ತುದಿಯ ಕಡೆಗೆ ಮುಖ ಮಾಡಿರಬೇಕು. ಹೊಸಬರು ತಿರುಗುಮುರುಗು ಹಾಕಿ, ಹೊಸ ಚೈನೂ ಕೊಯ್ಯುವುದಿಲ್ಲ ಎಂದು ಅಂಗಡಿಗೆ ಹಿಂದಿರುಗಿಸಲು ಹೋಗುವುದುಂಟು.

ಬಿಗಿ ಮಾಡುವಾಗ ಬಾರ್‌ನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದೇ ಸ್ಕ್ರೂ ತಿರುಗಿಸಿ, ಹಾಗೆ ಎತ್ತಿ ಹಿಡಿದೇ ನಟ್ ಕೂಡ ಬಿಗಿ ಮಾಡಿ. ಚೈನ್ ಬಾರ್‌ನ ಕೆಳಂಚಿಗೆ ಅಂಟಿಕೊಂಡಿರಬೇಕು, ಚೈನನ್ನು ತಡೆಯುವ ಬ್ರೇಕ್ ಬಿಟ್ಟಾಗ ಗವಸು ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಕೆಲಸ ಶುರುವಾಗಿ ಬಿಸಿಯಾದಂತೆ ಚೈನ್ ಉದ್ದವಾಗಿ ಕೆಳಗೆ ಜೋಲುತ್ತದೆ. ಆಗ ಮತ್ತೆ ಬಿಗಿ ಮಾಡಿ. ಆದರೆ ಕೆಲಸ ಮುಗಿದ ಕೂಡಲೇ ಮರೆಯದೆ ಸಡಿಲಿಸಿ. ಬಿಸಿಯಲ್ಲಿ ಬಿಗಿ ಮಾಡಿದ ಚೈನ್ ತಣಿದಾಗ ಕುಗ್ಗಿ, ಎಂಜಿನ್ನಿನ ಶಾಫ್ಟನ್ನೂ ಬೇರಿಂಗನ್ನೂ ಎಳೆದು ಹಾಳುಮಾಡುತ್ತದೆ.

ಹೊಸ ಚೈನನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ, ರಿವಿಟ್‌ಗಳ ಒಳಕ್ಕೆ ಎಣ್ಣೆ ಇಳಿಯಲಿ. ಹಾಕಿದ ಮೇಲೆ ಮರಕ್ಕೆ ತಾಗಿಸದೆ ಎರಡು ಮೂರು ನಿಮಿಷ ಹದವಾದ ವೇಗದಲ್ಲಿ ಓಡಿಸಿ, ತಣಿಯಲು ಬಿಟ್ಟು, ಬಿಗಿ ಸರಿಮಾಡಿ. ಮೊದಲ ದಿನ ಬಿಗಿಯನ್ನು ಪದೇ ಪದೇ ನೋಡುತ್ತಿರಬೇಕು.

ಅರ ಹಾಕುವ ಕ್ರಮ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಊರಿನಲ್ಲಿ ಮಷಿನ್ ಇರುವ ಮನೆಗಳು ಎಷ್ಟೋ ಇದ್ದರೂ ಸರಿಯಾಗಿ ಅರ ಹಾಕುವವರು ಒಬ್ಬಿಬ್ಬರೇ ಇರುತ್ತಾರೆ, ಉಳಿದವರು ಅವರ ಬಿಡುವಿಗೆ ಕಾಯುತ್ತಾರೆ. ಹಾಗೆ ಕಾಯಬೇಕಾದ ವಿದ್ಯೆ ಇದಲ್ಲ. ತಾಳ್ಮೆ ಇದ್ದರೆ ಯಾರ ಕೈಗೂ ಹತ್ತುತ್ತದೆ.

ಮೊದಲು ದುಂಡು ಅರದ ಅಳತೆ. ಲೋ ಪ್ರೊಫೈಲ್ 3/8ಕ್ಕೆ 4.0 ಮಿ.ಮೀ., .325ಕ್ಕೆ 4.8 ಮಿ.ಮೀ., ಪೂರ್ಣ 3/8ಕ್ಕೆ ತಯಾರಕರು ಹೇಳಿದಂತೆ 5.2 ಅಥವಾ 5.5 ಮಿ.ಮೀ. ಮನೆಯಲ್ಲಿ ಬಿದ್ದಿರುವ ಯಾವುದೋ ಅರ ಆಗುವುದಿಲ್ಲ. ಇದರ ಜೊತೆಗೆ ಕೋನದ ಗೆರೆ ಇರುವ ಒಂದು ಫೈಲ್ ಗೈಡ್, ಒಂದು ಚಪ್ಪಟೆ ಅರ, ಡೆಪ್ತ್ ಗೇಜ್ (ಹಲ್ಲಿನ ಮುಂದಿನ ದಿಣ್ಣೆ) ನೋಡುವ ಉಕ್ಕಿನ ಪಟ್ಟಿ, ಒಂದು ಮಾರ್ಕರ್ ಪೆನ್ ಬೇಕು. ಮಳೆಗಾಲದ ತೇವಕ್ಕೆ ಅರಕ್ಕೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ಒಣ ಬಟ್ಟೆಯಲ್ಲಿ ಸುತ್ತಿಡಿ. ಎಣ್ಣೆ ಮಾತ್ರ ಹಚ್ಚಬೇಡಿ, ಎಣ್ಣೆ ಕುಡಿದ ಅರ ಉಕ್ಕಿನ ಮೇಲೆ ಜಾರುತ್ತದೆ.

ಮಷಿನ್ ಅಲುಗಾಡಬಾರದು. ಒಂದು ದಪ್ಪ ಕೊರಡಿನ ತಲೆಯಲ್ಲಿ ಅಂಗೈ ಆಳದ ಸೀಳು ಕೊಯ್ದು, ಎಂಜಿನ್ ನಿಲ್ಲಿಸಿ, ಬಾರ್ ಅನ್ನು ಅದರೊಳಗೆ ಇಳಿಸಿ, ಎರಡೂ ಕಡೆ ಮರದ ಬೆಣೆ ಹೊಡೆದರೆ ತೋಟದಲ್ಲೇ ಒಳ್ಳೆಯ ಹಿಡಿತ ಸಿಗುತ್ತದೆ. ಮನೆಯಲ್ಲಿ ವೈಸ್ ಇದ್ದರೆ ಇನ್ನೂ ಸಲೀಸು. ಚೈನನ್ನು ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆಯಲ್ಲಿ ಒರೆಸಿ. ಹಲ್ಲು ವಾಲದಂತೆ ಚೈನನ್ನು ಮಾಮೂಲಿಗಿಂತ ಒಂದು ಎಳೆ ಬಿಗಿ ಮಾಡಿಕೊಳ್ಳಿ. ಅರ ಹಾಕುವಾಗ ಬ್ರೇಕ್ ಹಾಕಿರಲಿ, ಚೈನ್ ಮುಂದೆ ಸರಿಸುವಾಗ ಬಿಡಿ.

ಈಗ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಬಿಸಿಲಿಗೆ ಬೆನ್ನು ಮಾಡಿ ಕುಳಿತು, ಹಲ್ಲಿನ ನೆತ್ತಿಯ ಮುಂದಿನ ಅಂಚನ್ನೇ ದಿಟ್ಟಿಸಿ. ಬಾಯಿ ಹೋದ ಹಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಹೊಳೆಯುತ್ತದೆ. ಆ ಅಂಚು ಸವೆದು ದುಂಡಾಗಿದೆ, ಅದರ ಮೇಲೆ ಬೆಳಕು ಕೂರುತ್ತಿದೆ ಎಂದು ಅದರ ಅರ್ಥ. ಹರಿತ ಅಂಚಿನಲ್ಲಿ ಬೆಳಕು ಕೂರಲು ಜಾಗವೇ ಇಲ್ಲ, ಅಲ್ಲಿ ಏನೂ ಹೊಳೆಯುವುದಿಲ್ಲ. ಮೂಲೆಯನ್ನು ವಿಶೇಷವಾಗಿ ನೋಡಿ. ಮರದ ನಾರನ್ನು ಮೊದಲು ಕತ್ತರಿಸುವುದು ಆ ಮೂಲೆಯೇ, ಮಣ್ಣು ಮೊದಲು ತಿನ್ನುವುದೂ ಅದನ್ನೇ. ನೆತ್ತಿಯ ಮೇಲೆ ತೆಳುವಾದ ಗಟ್ಟಿ ಕ್ರೋಮ್ ಲೇಪವಿರುತ್ತದೆ, ಹರಿತವನ್ನು ಕಾಯುವುದು ಅದು. ಅದು ಎಲ್ಲಿಯವರೆಗೆ ಚಕ್ಕೆ ಎದ್ದಿದೆಯೋ ಅಲ್ಲಿಯವರೆಗೆ ಅರ ಹಿಂದೆ ಸರಿಯಲೇಬೇಕು. ಅರ್ಧಕ್ಕೆ ಬಿಟ್ಟರೆ ನೋಟಕ್ಕೆ ಹೊಳೆಯುವ, ಕೆಲಸಕ್ಕೆ ಬಾರದ ಹಲ್ಲು ಉಳಿಯುತ್ತದೆ.

ಎಲ್ಲ ಹಲ್ಲುಗಳನ್ನೂ ಒಮ್ಮೆ ನೋಡಿ, ಅತ್ಯಂತ ಗಿಡ್ಡಾದ, ಅತ್ಯಂತ ಕೆಟ್ಟ ಹಲ್ಲನ್ನು ಹುಡುಕಿ ಮಾರ್ಕರ್‌ನಿಂದ ಗುರುತು ಹಾಕಿ. ಶುರು ಮಾಡುವುದು ಅಲ್ಲಿಂದ. ಅದು ಪೂರ್ತಿ ಹರಿತವಾದಾಗ ಎಷ್ಟು ಉದ್ದ ಉಳಿದಿದೆಯೋ ಅಷ್ಟಕ್ಕೇ ಉಳಿದೆಲ್ಲ ಹಲ್ಲುಗಳನ್ನೂ ತರಬೇಕು.

ಅರ ಹಿಡಿಯುವ ರೀತಿ ಹೀಗೆ. ಹಲ್ಲಿನ ಒಳಮಗ್ಗುಲಿನಿಂದ ಹೊರಮಗ್ಗುಲಿಗೆ, ನಿಮ್ಮಿಂದ ದೂರಕ್ಕೆ ತಳ್ಳಬೇಕು. ಗೈಡ್ ಮೇಲಿನ 30 ಡಿಗ್ರಿ ಗೆರೆ ಬಾರ್‌ಗೆ ಸಮಾನಾಂತರವಾಗಿರಬೇಕು. ಎಷ್ಟೋ ಚೈನ್‌ಗಳಲ್ಲಿ ಹಲ್ಲಿನ ನೆತ್ತಿಯ ಹಿಂಭಾಗದಲ್ಲಿ ಓರೆಗೆರೆಯೊಂದಿರುತ್ತದೆ, ಕೋನಕ್ಕೆ ಅದೂ ಸಾಕ್ಷಿ. ಹುಣಸೆ, ಜಾಲಿಯಂಥ ಗಟ್ಟಿ ಒಣ ಮರವೇ ಹೆಚ್ಚಾಗಿದ್ದರೆ 25 ಡಿಗ್ರಿಗೆ ಇಳಿಸಬಹುದು, ಬಾಯಿ ಹೆಚ್ಚು ಹೊತ್ತು ತಾಳುತ್ತದೆ. ಅರ ಮಟ್ಟಸವಾಗಿರಲಿ, ಹಿಡಿ ಮೇಲೆ ಕೆಳಗೆ ತೂಗಬಾರದು. ಇನ್ನು ಎತ್ತರ: ಅರದ ದಪ್ಪದಲ್ಲಿ ಐದನೆಯ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಇರಬೇಕು. 4.8 ಮಿ.ಮೀ. ಅರದಲ್ಲಿ ಇದು ಹೆಚ್ಚುಕಡಿಮೆ 1 ಮಿ.ಮೀ. ಅರ ತೀರಾ ಕೆಳಗಿಳಿದರೆ ಹಲ್ಲಿನ ಬಾಯಿ ಕೊಕ್ಕೆಯಾಗಿ ತೆಳುವಾಗುತ್ತದೆ; ಮೊದಲ ದಿಮ್ಮಿಯಲ್ಲಿ ಭಾರೀ ವೇಗ, ಎರಡನೆಯದರಲ್ಲಿ ಮೊಂಡು. ತೀರಾ ಮೇಲಿದ್ದರೆ ಬಾಯಿ ಹಿಂದಕ್ಕೆ ವಾಲಿ, ಎಷ್ಟು ಉಜ್ಜಿದರೂ ಕಚ್ಚುವುದಿಲ್ಲ.

ತಳ್ಳುವಾಗ ಮಾತ್ರ ಒತ್ತು ಕೊಡಿ, ಹಿಂದಕ್ಕೆ ತರುವಾಗ ಎತ್ತಿಕೊಂಡು ಬನ್ನಿ. ಹಿಂದಕ್ಕೆ ಎಳೆದರೆ ಅರದ ಹಲ್ಲೇ ಸಾಯುತ್ತದೆ. ಬಲ ಬೇಡ, ಅರ ಕಚ್ಚಿಕೊಂಡು ಸರಿಯುವ ಗರಗರ ಸದ್ದು ಕೈಗೆ ತಿಳಿಯುತ್ತದೆ. ಅದು ಜಾರತೊಡಗಿದರೆ ಒಂದೋ ಅರ ಸವೆದಿದೆ, ಅದನ್ನು ಎಸೆಯಿರಿ. ಇಲ್ಲವೇ ಹಲ್ಲು ಸುಟ್ಟು ಗಟ್ಟಿಯಾಗಿದೆ. ಆಗಾಗ ಅರವನ್ನು ಹಿಡಿಯಲ್ಲೇ ಸ್ವಲ್ಪ ತಿರುಗಿಸಿ, ಒಂದೇ ಮಗ್ಗುಲು ಸವೆಯದಿರಲಿ. ಎಷ್ಟು ಸಲ ತಳ್ಳಿದಾಗ ಬಿಳಿ ಗೆರೆ ಮಾಯವಾಯಿತು ಎಂದು ಎಣಿಸಿಕೊಂಡು, ಆ ಪಕ್ಕದ ಎಲ್ಲ ಹಲ್ಲುಗಳಿಗೂ ಅಷ್ಟೇ ಕೊಡಿ, ಉದ್ದ ಉಳಿದವಕ್ಕೆ ಇನ್ನೊಂದೆರಡು. ಒಂದು ಪಕ್ಕ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿ.

ಈ ಎರಡನೆಯ ಪಕ್ಕದಲ್ಲಿ ಎಚ್ಚರ ಬೇಕು. ಬಲಗೈಯವರಿಗೆ ಒಂದು ಪಕ್ಕ ಕೈಗೆ ಒಗ್ಗಿರುತ್ತದೆ, ಇನ್ನೊಂದರಲ್ಲಿ ಕೋನವೂ ಒತ್ತೂ ಬದಲಾಗುತ್ತದೆ. ಹಲವು ಸಲ ಹೀಗೇ ಆದ ಮೇಲೆ ಎಡ ಹಲ್ಲುಗಳು ಒಂದು ಉದ್ದ, ಬಲ ಹಲ್ಲುಗಳು ಇನ್ನೊಂದು ಉದ್ದ ಆಗಿಬಿಡುತ್ತವೆ. ಆಗ ಕೊಯ್ತ ಚೆನ್ನಾಗಿರುವ ಹಲ್ಲುಗಳ ಕಡೆಗೆ ಬಾಗುತ್ತ ಹೋಗುತ್ತದೆ, ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕಾರು ಸಲ ಅರ ಹಾಕಿದ ಮೇಲೊಮ್ಮೆ ಕ್ಯಾಲಿಪರ್ ಇಟ್ಟು ಎರಡೂ ಪಕ್ಕದ ಹಲ್ಲಿನ ಉದ್ದ ಅಳೆದು ಸರಿಮಾಡಿ.

ಡೆಪ್ತ್ ಗೇಜ್ ಎಂದರೆ ಪ್ರತಿ ಹಲ್ಲಿನ ಮುಂದೆ ನಿಂತಿರುವ ಮೊಂಡು ದಿಣ್ಣೆ. ಬಡಗಿಯ ಹತ್ತರಿಯಲ್ಲಿ ಉಳಿ ಎಷ್ಟು ಹೊರಗೆ ಚಾಚಿದೆಯೋ ಅಷ್ಟು ದಪ್ಪದ ಸಿಪ್ಪೆ ಏಳುವಂತೆ, ಇಲ್ಲಿ ಈ ದಿಣ್ಣೆಗಿಂತ ಹಲ್ಲು ಎಷ್ಟು ಎತ್ತರ ಇದೆಯೋ ಅಷ್ಟು ದಪ್ಪದ ಚಕ್ಕೆ ಬರುತ್ತದೆ. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅರ ಹಾಕಿದಷ್ಟೂ ಹಲ್ಲು ಗಿಡ್ಡಾಗುತ್ತದೆ, ದಿಣ್ಣೆ ಮಾತ್ರ ಇದ್ದಂತೆಯೇ ಇರುತ್ತದೆ. ಹರಿತವಾಗಿದ್ದರೂ ಚೈನ್ ಪುಡಿಯನ್ನೇ ಉದುರಿಸುತ್ತಿದ್ದರೆ ಕಾರಣ ಇದೇ. ಮೂರು ನಾಲ್ಕು ಸಲ ಅರ ಹಾಕಿದ ಮೇಲೊಮ್ಮೆ ಉಕ್ಕಿನ ಪಟ್ಟಿಯನ್ನು ಹಲ್ಲುಗಳ ಮೇಲೆ ಅಡ್ಡ ಇಟ್ಟು, ಕಿಂಡಿಯಿಂದ ಮೇಲೆ ಚಾಚಿದಷ್ಟನ್ನು ಮಾತ್ರ ಚಪ್ಪಟೆ ಅರದಿಂದ ತೆಗೆಯಿರಿ. ಲೋ ಪ್ರೊಫೈಲ್ 3/8 ಮತ್ತು .325ಕ್ಕೆ ಈ ಅಂತರ ಸಾಮಾನ್ಯವಾಗಿ 0.65 ಮಿ.ಮೀ. ಆಮೇಲೆ ದಿಣ್ಣೆಯ ಮುಂದಿನ ಅಂಚನ್ನು ಮೊದಲಿದ್ದಂತೆ ದುಂಡು ಮಾಡಿ.

ಬೇಗ ಕೊಯ್ಯಲಿ ಎಂದು ದಿಣ್ಣೆಯನ್ನು ಇನ್ನಷ್ಟು ಇಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲ್ಲು ಅಳತೆ ಮೀರಿ ಕಚ್ಚುತ್ತದೆ, ಮಷಿನ್ ಕುಪ್ಪಳಿಸುತ್ತದೆ, ಬಾರ್‌ನ ತುದಿ ತಗಲಿದಾಗ ಹಿಂದಕ್ಕೆ ಎಗರುವ ಬಲ ಹೆಚ್ಚುತ್ತದೆ. ಬಾರ್ ಮೂತಿಯ ಮೇಲಿನ ಕಾಲುಭಾಗ ಮರಕ್ಕೆ ತಾಗಿದರೆ ಮಷಿನ್ ನಿಮ್ಮ ಮುಖದ ಕಡೆಗೇ ಎದ್ದು ಬರುತ್ತದೆ, ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ. ಮುಂದಿನ ಹಿಡಿಕೆಯ ಸುತ್ತ ಹೆಬ್ಬೆರಳು ಬಳಸಿ ಹಿಡಿಯಿರಿ, ಭುಜದ ಮಟ್ಟಕ್ಕಿಂತ ಮೇಲೆ ಕೊಯ್ಯಬೇಡಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಲುಂಗಿ ಉಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಕನ್ನಡಕ, ಕಿವಿಮುಚ್ಚು, ಗಟ್ಟಿ ಬೂಟು ಇರಲೇಬೇಕು.

ಗ್ರೈಂಡರ್ ಬಗ್ಗೆ ಒಂದು ಮಾತು. ಕಲ್ಲಿಗೋ ಮೊಳೆಗೋ ತಾಗಿ ಪೂರ್ತಿ ಹಾಳಾದ ಚೈನನ್ನು ಚೈನಿಗೆಂದೇ ಮಾಡಿದ ಗ್ರೈಂಡರಿನಲ್ಲಿ ಕೊಟ್ಟು ಸರಿಮಾಡಿಸಬಹುದು. ಆದರೆ ಒಂದೇ ಸಮನೆ ಒತ್ತಿ ಹಿಡಿದರೆ ಹಲ್ಲು ನೀಲಿ ತಿರುಗುತ್ತದೆ, ಉಕ್ಕಿನ ಹದ ಅಲ್ಲಿಗೆ ಕೆಟ್ಟಿತು. ಆಂಗಲ್ ಗ್ರೈಂಡರನ್ನು ಕೈಯಲ್ಲಿ ಹಿಡಿದು ಹಲ್ಲು ತೀಡುವುದನ್ನಂತೂ ಬಿಟ್ಟೇಬಿಡಿ.

ಎಷ್ಟು ದಿನಕ್ಕೊಮ್ಮೆ ಅರ ಹಾಕಬೇಕು ಎಂದು ಕೇಳುತ್ತಾರೆ. ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಹಲ್ಲಿಗೆ ಎರಡೋ ಮೂರೋ ಸಲ ಅರ ಆಡಿಸಿದರೆ ಚೈನ್ ಯಾವತ್ತೂ ಮೊಂಡಾಗುವ ಮಟ್ಟಕ್ಕೆ ಹೋಗುವುದೇ ಇಲ್ಲ, ಚೈನಿನ ಆಯಸ್ಸೂ ಹೆಚ್ಚುತ್ತದೆ. ಪೂರ್ತಿ ಮೊಂಡಾದ ಮೇಲೆ ಕೂತರೆ ಒಂದೊಂದು ಹಲ್ಲಿಗೆ ಹತ್ತಾರು ಸಲ ತಳ್ಳಬೇಕು, ಅಷ್ಟೂ ಉಕ್ಕು ಸವೆದುಹೋಗುತ್ತದೆ. ಕಲ್ಲಿಗೆ ಅಥವಾ ನೆಲಕ್ಕೆ ತಾಗಿತೆಂದು ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಎಣ್ಣೆ: ಯಾವುದು, ಎಷ್ಟು

ಮಷಿನ್ನಿನಲ್ಲಿ ಎರಡು ಟ್ಯಾಂಕ್ ಇರುತ್ತದೆ, ಒಂದು ಇಂಧನಕ್ಕೆ, ಇನ್ನೊಂದು ಚೈನಿನ ಎಣ್ಣೆಗೆ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಬೇರೆ, ಚೈನಿಗೆ ಹಾಕುವ ಎಣ್ಣೆ ಬೇರೆ. 2ಟಿ ತೆಳು, ಅದು ಬಾರ್‌ನ ಮೂತಿಯ ತಿರುವಿನಲ್ಲೇ ಚಿಮ್ಮಿಹೋಗುತ್ತದೆ. ಚೈನ್ ಆಯಿಲ್‌ನಲ್ಲಿ ಅಂಟಿನ ಗುಣ ಬೆರೆತಿರುತ್ತದೆ. ಎರಡು ಬೆರಳ ನಡುವೆ ಹಚ್ಚಿ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಅದರಿಂದಲೇ ಅದು ಆ ವೇಗದಲ್ಲೂ ಚೈನಿಗೆ ಅಂಟಿಕೊಂಡು ಕೆಳಂಚಿನವರೆಗೂ ತಲುಪುತ್ತದೆ. ಸಿಗದೇ ಹೋದ ದಿನ ಹೊಸ ಎಸ್‌ಎಇ 30 ಎಂಜಿನ್ ಆಯಿಲ್ ಹಾಕಿ ಕೆಲಸ ಮುಗಿಸಬಹುದು.

ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲ್ ಹಾಕುವ ರೂಢಿ ನಮ್ಮಲ್ಲಿ ತುಂಬಾ ಇದೆ. ಬಿಟ್ಟಿ ಸಿಗುತ್ತದೆ ಎಂಬುದನ್ನು ಬಿಟ್ಟರೆ ಅದರಲ್ಲಿ ಒಳ್ಳೆಯದೆನ್ನುವಂಥದ್ದು ಏನೂ ಇಲ್ಲ. ಅದರೊಳಗಿನ ಲೋಹದ ಸಣ್ಣ ಚೂರುಗಳು ಎಣ್ಣೆಯ ಪಂಪನ್ನೂ ಬಾರನ್ನೂ ಸವೆಸುತ್ತವೆ. ಅದಕ್ಕಿಂತ ದೊಡ್ಡ ವಿಷಯ, ಚೈನಿಗೆ ಹೋದ ಎಣ್ಣೆ ಹಿಂದಕ್ಕೆ ಬರುವುದಿಲ್ಲ. ಅಷ್ಟೂ ಸಣ್ಣ ಹನಿಗಳಾಗಿ ನಿಮ್ಮ ಕೈಮೇಲೆ, ಉಸಿರಿನಲ್ಲಿ, ಸೌದೆಯ ಮೇಲೆ, ತೋಟದ ಮಣ್ಣಿನಲ್ಲಿ ಸೇರುತ್ತದೆ. ಬಳಸಿದ ಎಂಜಿನ್ ಆಯಿಲಿನಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿರುತ್ತವೆ. ಬಾವಿ, ಕೆರೆ, ಹಳ್ಳದ ಪಕ್ಕದಲ್ಲಿ ಸೌದೆ ಮಾಡುವ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಸಸ್ಯಜನ್ಯ ಎಣ್ಣೆ ಹಾಕಬಹುದೇ? ಯುರೋಪಿನಲ್ಲಿ ರೇಪ್‌ಸೀಡ್ ಎಣ್ಣೆಯಿಂದ ಮಾಡಿದ ಚೈನ್ ಆಯಿಲ್ ಸಾಮಾನ್ಯ, ಮಣ್ಣಿಗೆ ಅದು ಒಳ್ಳೆಯದು. ಆದರೆ ಮಷಿನ್ನನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಅಡುಗೆ ಎಣ್ಣೆಗಳು ಗಾಳಿಗೆ ಅಂಟಾಗಿ ಗಟ್ಟಿಯಾಗುತ್ತವೆ, ಚೈನ್ ಬಾರ್‌ಗೆ ಕಚ್ಚಿಕೊಳ್ಳುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಡಿಸೆಂಬರ್ ಬೆಳಗ್ಗೆ ಅದು ಪಂಪಿನೊಳಗೇ ನಿಂತುಬಿಡುತ್ತದೆ. ಸಸ್ಯಜನ್ಯ ಎಣ್ಣೆ ಬಳಸಿದರೆ ಅಂದಂದಿನ ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಚೈನ್ ತೊಳೆಯುವ ಶಿಸ್ತು ಬೇಕು.

ಎಣ್ಣೆ ಬರುತ್ತಿದೆಯೇ ಎಂದು ಪ್ರತಿ ಸಲ ನೋಡಿ. ಒಣ ಅಡಿಕೆ ಹಾಳೆಯ ತಿಳಿ ಬಣ್ಣದ ಒಳಮೈ ಇದಕ್ಕೆ ಚೆನ್ನ. ಬಾರ್‌ನ ತುದಿಯನ್ನು ಹಾಳೆಯಿಂದ ಒಂದು ಗೇಣು ದೂರ ಹಿಡಿದು ಎಂಜಿನ್ ವೇಗ ಏರಿಸಿದರೆ ಕೆಲವೇ ಕ್ಷಣಗಳಲ್ಲಿ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್ ಬಿಚ್ಚಿ, ಅದರ ಬುಡದಲ್ಲಿರುವ ಎಣ್ಣೆಯ ತೂತನ್ನು ತಂತಿಯಿಂದ ಬಿಡಿಸಿ. ಅಲ್ಲಿ ಹೊಟ್ಟು ಕಟ್ಟಿಕೊಂಡಿರುವುದೇ ಹೆಚ್ಚು. ಆಗಲೂ ಬಾರದಿದ್ದರೆ ಟ್ಯಾಂಕಿನೊಳಗಿನ ಶೋಧಕ ನೋಡಿ. ಕೆಲವು ಮಷಿನ್‌ಗಳಲ್ಲಿ ಎಣ್ಣೆಯ ಪ್ರಮಾಣ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಕೆಳಭಾಗದಲ್ಲಿರುತ್ತದೆ. ಗಟ್ಟಿ ಒಣ ಮರಕ್ಕೆ, ಉದ್ದ ಬಾರ್‌ಗೆ ಹೆಚ್ಚು ಬಿಡಿ. ಇಂಧನ ಒಂದು ಟ್ಯಾಂಕ್ ಮುಗಿಯುವಾಗ ಎಣ್ಣೆ ತಳ ಮುಟ್ಟುವಂತಿದ್ದರೆ ಸರಿ. ಇಂಧನ ಮುಗಿದರೂ ಎಣ್ಣೆ ಹಾಗೇ ಇದ್ದರೆ ಎಲ್ಲೋ ಕಟ್ಟಿದೆ. ನಿಲ್ಲಿಸಿಟ್ಟಾಗ ಕೆಳಗೆ ನಾಲ್ಕು ಹನಿ ಎಣ್ಣೆ ಸೋರಿದ್ದನ್ನು ಕಂಡು ಗಾಬರಿ ಬೇಡ, ಅದು ಸಾಮಾನ್ಯ.

ಬಾರ್ ಬಿಚ್ಚಿದಾಗಲೆಲ್ಲ ಸೀಳಿನಲ್ಲಿ ಕೂತ ಹೊಟ್ಟನ್ನು ತೆಳು ತಗಡಿನಿಂದ ಕೆರೆದು ತೆಗೆಯಿರಿ, ಅಂಚಿನಲ್ಲಿ ಎದ್ದ ಮುಳ್ಳುಗಳನ್ನು ಚಪ್ಪಟೆ ಅರದಿಂದ ತೀಡಿ, ಮತ್ತೆ ಹಾಕುವಾಗ ಬಾರ್ ಮಗುಚಿ ಹಾಕಿ. ಹಾಗೆ ಮಾಡಿದರೆ ಎರಡೂ ಅಂಚು ಸಮನಾಗಿ ಸವೆಯುತ್ತದೆ. ಮೂತಿಯಲ್ಲಿ ಗ್ರೀಸ್ ತೂತು ಇದ್ದರೆ ಗ್ರೀಸ್ ಕೊಡಿ.

ಹರಿತ ಉಳಿಸುವ ರೂಢಿಗಳು

ದಿಮ್ಮಿಯನ್ನು ನೆಲದಿಂದ ಎತ್ತಿ, ಅಡ್ಡ ಇಟ್ಟ ಎರಡು ಕೊರಡುಗಳ ಮೇಲೆ ಮಲಗಿಸಿ ಕೊಯ್ಯಿರಿ. ಎತ್ತಲಾಗದಷ್ಟು ದಪ್ಪವಿದ್ದರೆ ಮುಕ್ಕಾಲು ಭಾಗ ಕೊಯ್ದು, ಉರುಳಿಸಿ, ಉಳಿದುದನ್ನು ಮೇಲಿನಿಂದ ಮುಗಿಸಿ. ಮಣ್ಣು ಮೆತ್ತಿದ ತೊಗಟೆಯನ್ನು ಕೊಯ್ಯುವ ಜಾಗದಲ್ಲಿ ಮಾತ್ರ ಕತ್ತಿಯಿಂದ ಕೆತ್ತಿ ತೆಗೆದರೂ ಸಾಕು. ತೆಂಗಿನ ಕಾಂಡದ ಹೊರಭಾಗ ಹಲ್ಲನ್ನು ಬಹಳ ಬೇಗ ಮೊಂಡು ಮಾಡುತ್ತದೆ. ಅದನ್ನು ದಿನದ ಕೊನೆಗೆ ಇಟ್ಟುಕೊಳ್ಳಿ.

ಬೇಲಿಯ ಮರ ಬಂದರೆ ಹೆಚ್ಚಿನ ಜಾಗ್ರತೆ ಇರಲಿ. ಹಿಂದೆ ಯಾರೋ ಮರಕ್ಕೆ ಹೊಡೆದ ಮುಳ್ಳುತಂತಿಯ ಮೇಲೆ ಮರ ಬೆಳೆದು ಮುಚ್ಚಿಕೊಂಡಿರುತ್ತದೆ, ಹೊರಗಿನಿಂದ ಕಾಣುವುದು ಒಂದು ಗಂಟು ಮಾತ್ರ. ಕೊಯ್ದ ಮುಖದಲ್ಲಿ ಕಪ್ಪು ಅಥವಾ ಕಡುನೀಲಿ ಕಲೆ ಕಂಡರೆ ಹತ್ತಿರದಲ್ಲೇ ಕಬ್ಬಿಣ ಇದೆ ಎಂದೇ ತಿಳಿಯಿರಿ. ಮರದ ಒಗರು ಕಬ್ಬಿಣದೊಂದಿಗೆ ಸೇರಿದಾಗ ಆ ಬಣ್ಣ ಬರುತ್ತದೆ. ಅಂಥ ತುಂಡನ್ನು ಉದ್ದವಾಗಿಯೇ ಬಿಟ್ಟು, ಕೊಡಲಿಯಿಂದ ಸೀಳಿ, ದೊಡ್ಡ ಒಲೆಗೆ ಹಾಕಿ.

ಹಲ್ಲಿನ ನೆತ್ತಿಯ ಉದ್ದ ಎಲ್ಲಿಯಾದರೂ 4 ಮಿ.ಮೀ.ಗಿಂತ ಕಡಿಮೆಯಾದರೆ, ಅಥವಾ ಹಲ್ಲಿನ ಮೇಲಿನ ಸವೆತದ ಗೆರೆ ಮುಟ್ಟಿದರೆ, ಕೊಂಡಿಯಲ್ಲಿ ಬಿರುಕು ಕಂಡರೆ ಆ ಚೈನನ್ನು ಅಲ್ಲಿಗೆ ಮುಗಿಸಿ. ಬಿಗಿಯ ಸ್ಕ್ರೂ ಕೊನೆಗೆ ಬಂದರೂ ಜೋಲುವ ಚೈನಿನದೂ ಅದೇ ಕಥೆ. ಕೊಂಡಿ ತೆಗೆದು ಗಿಡ್ಡ ಮಾಡಿ ಮತ್ತೆ ಬಳಸಲು ಹೋಗಬೇಡಿ, ಅದರ ರಿವಿಟ್‌ಗಳು ಸವೆದಿರುತ್ತವೆ. ಮಳೆ ಶುರುವಾಗಿ ಮಷಿನ್ ಎತ್ತಿಡುವಾಗ ಚೈನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಎಣ್ಣೆಯಲ್ಲಿ ಮುಳುಗಿಸಿಡಿ. ಡಬ್ಬಿಯ ಮೇಲೆ ಪಿಚ್, ಗೇಜ್, ಲಿಂಕ್‌ಗಳ ಸಂಖ್ಯೆ ಮತ್ತು ಅರದ ಅಳತೆ ಬರೆದಿಟ್ಟರೆ ಮುಂದಿನ ಸಲ ಅಂಗಡಿಗೆ ಹೋಗುವಾಗ ಅದನ್ನೇ ಓದಿ ಹೇಳಬಹುದು.